ಅರಸನ ಪವಿತ್ರಾಲಯ: ಬೊಸ್ಸುಯೆಯವರ ರಾಜನೀತಿ ಗ್ರಂಥ, ಒಂದು ವಿಮರ್ಶೆ

ಧರ್ಮಸಭೆಯ ಇತಿಹಾಸದ ಪಾಠ ಹದಿನೇಳನೆಯ ಶತಮಾನದ ಫ್ರಾನ್ಸಿಗೆ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಅರಸನೂ ಕಥೋಲಿಕ, ಬಹುಪಾಲು ಪ್ರಜೆಗಳೂ ಕಥೋಲಿಕರು, ಶಾಸನವೂ ಕಥೋಲಿಕ ವಿಶ್ವಾಸದ ಬೆಂಬಲಕ್ಕೆ ನಿಂತಿದೆ. ಇಂತಹ ರಾಜ್ಯದಿಂದ ಧರ್ಮಸಭೆಗೆ ಒಳಿತಲ್ಲದೆ ಕೆಡುಕೇನು? ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ತರುಣರು ಇದನ್ನು ಕುಚೋದ್ಯಕ್ಕಾಗಿ ಕೇಳುವುದಿಲ್ಲ. ಅಲ್ಪಸಂಖ್ಯಾತರಾಗಿ ಬಾಳುವ ಸಮುದಾಯಗಳಿಂದ ಬಂದ ಅವರಿಗೆ, ನಮ್ಮವನೇ ಆದ ಒಬ್ಬ ಅರಸನ ಕಲ್ಪನೆ ಹಿತವಾಗಿ ಕಾಣುವುದು ಸಹಜ. ‘ಆ ಕಾಲವೇ ಹಾಗಿತ್ತು’ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವ ಅಧ್ಯಾಪಕ ಅವರಿಗೂ ಅನ್ಯಾಯ ಮಾಡುತ್ತಾನೆ, ಇತಿಹಾಸಕ್ಕೂ ಅನ್ಯಾಯ ಮಾಡುತ್ತಾನೆ.

ಈ ಪ್ರಶ್ನೆಗೆ ಉತ್ತರವನ್ನು ಅರಮನೆಯ ಕಡತಗಳಲ್ಲಿ ಹುಡುಕುವುದು ಇತಿಹಾಸಕಾರರ ಕೆಲಸ. ಅರಸನಿಗೆ ವಾದವನ್ನು ಒದಗಿಸಿಕೊಟ್ಟ ಧರ್ಮಾಧ್ಯಕ್ಷರ ಗ್ರಂಥವನ್ನು ಪರೀಕ್ಷಿಸುವುದು ನಮ್ಮ ಕೆಲಸ. ಮೋ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರಾಗಿದ್ದ ಬೊಸ್ಸುಯೆಯವರು (1627-1704), ಪವಿತ್ರ ಗ್ರಂಥದ ವಚನಗಳಿಂದಲೇ ರಾಜನೀತಿಯನ್ನು ನಿರೂಪಿಸುತ್ತೇನೆಂದು ಸಂಕಲ್ಪಿಸಿ ಬರೆದ ಹತ್ತು ಭಾಗಗಳ ಕೃತಿ ಅಂತಹುದು. ಹದಿನಾಲ್ಕನೆಯ ಲೂಯಿಯ ಮಗನಿಗೆ ಅವರು 1670ರಿಂದ ಸುಮಾರು ಹತ್ತು ವರ್ಷ ಶಿಕ್ಷಕರಾಗಿದ್ದರು; ಗ್ರಂಥದ ಮೊದಲ ಆರು ಭಾಗಗಳು ಆ ಶಿಷ್ಯನಿಗಾಗಿಯೇ ರಚಿತವಾದವು. ಉಳಿದ ನಾಲ್ಕನ್ನು ಅವರು ಜೀವನದ ಕೊನೆಯ ವರ್ಷಗಳಲ್ಲಿ ಬರೆದರು. ಗ್ರಂಥ ಪ್ರಕಟವಾದದ್ದು ಅವರ ಮರಣಾನಂತರ, 1709ರಲ್ಲಿ.

ಅರಸನಿಗೆ ಬೇಕಾದದ್ದು ಏನು?

ಗ್ರಂಥವನ್ನು ತೆರೆಯುವ ಮುನ್ನ, ಅದು ಯಾವ ಕೊರತೆಯನ್ನು ತುಂಬಿತು ಎಂಬುದನ್ನು ತಿಳಿಯಬೇಕು. ನಾವು ‘ಫ್ರಾನ್ಸ್’ ಎಂದು ಒಂದೇ ಮಾತಿನಲ್ಲಿ ಹೇಳುವ ಆ ರಾಜ್ಯ ಅಂದು ಒಂದಾಗಿರಲಿಲ್ಲ. ಪ್ರಾಂತ್ಯಕ್ಕೊಂದು ಕಟ್ಟಳೆ, ಪ್ರದೇಶಕ್ಕೊಂದು ತೆರಿಗೆಯ ಪದ್ಧತಿ, ಹಲವು ಭಾಷೆಗಳು, ತಮ್ಮ ಹಳೆಯ ಹಕ್ಕುಗಳನ್ನು ಬಿಟ್ಟುಕೊಡದ ನಗರಗಳು ಮತ್ತು ಶ್ರೀಮಂತ ಮನೆತನಗಳು. ಅರಸನ ಅಧಿಕಾರಿಗಳು ಸಂಖ್ಯೆಯಲ್ಲಿ ಅಲ್ಪರು. ರಾಜ್ಯದ ಪ್ರತಿಯೊಂದು ಗ್ರಾಮವನ್ನೂ ತಲುಪಿದ್ದ ವ್ಯವಸ್ಥೆ ಒಂದೇ: ಧರ್ಮಕೇಂದ್ರ.

ಅರಸರು ಇದನ್ನು ಬಹಳ ಮೊದಲೇ ಅರಿತಿದ್ದರು. 1516ರ ಬೊಲೋನ್ಯ ಒಪ್ಪಂದದಲ್ಲಿ ಜಗದ್ಗುರು ಹತ್ತನೆಯ ಲಿಯೋ ಅವರಿಂದ, ಧರ್ಮಾಧ್ಯಕ್ಷರನ್ನೂ ಮಠಾಧಿಪತಿಗಳನ್ನೂ ನಾಮನಿರ್ದೇಶನ ಮಾಡುವ ಹಕ್ಕನ್ನು ಒಂದನೆಯ ಫ್ರಾನ್ಸಿಸ್ ಪಡೆದುಕೊಂಡ. ಅಂದಿನಿಂದ ಅರಸನ ಕೃಪೆಯಿಲ್ಲದೆ ಪೀಠವಿಲ್ಲ. ಶ್ರೀಮಂತ ಮನೆತನಗಳ ಕಿರಿಯ ಮಕ್ಕಳನ್ನು ಪೀಠಗಳಲ್ಲಿ ಕೂರಿಸಿ ಆ ಮನೆತನಗಳನ್ನು ಕಟ್ಟಿಹಾಕಲು ಇದಕ್ಕಿಂತ ಸುಲಭ ದಾರಿ ಬೇರೆ ಇರಲಿಲ್ಲ. 1539ರಲ್ಲಿ ಅದೇ ಅರಸ ದೀಕ್ಷಾಸ್ನಾನಗಳ ದಾಖಲೆ ಇಡಬೇಕೆಂದು ಗುರುಗಳಿಗೆ ಶಾಸನ ಮಾಡಿದ. 1579ರಲ್ಲಿ ವಿವಾಹ ಮತ್ತು ಶವಸಂಸ್ಕಾರದ ದಾಖಲೆಗಳೂ ಸೇರಿದವು. ಸಂಸ್ಕಾರದ ಪುಸ್ತಕವೇ ರಾಜ್ಯದ ಜನನ ಮರಣ ಪುಸ್ತಕವಾಯಿತು. ಅರಸನ ಆಜ್ಞೆಗಳು ಭಾನುವಾರ ಪ್ರಬೋಧನೆಯ ಪೀಠದಿಂದ ಜನರ ಕಿವಿಗೆ ಬಿದ್ದವು. ಐದು ವರ್ಷಗಳಿಗೊಮ್ಮೆ ಸೇರುತ್ತಿದ್ದ ಗುರುವರ್ಗದ ಸಭೆ, ‘ಉಚಿತ ಕಾಣಿಕೆ’ ಎಂಬ ಹೆಸರಿನಲ್ಲಿ ಅರಸನ ಬೊಕ್ಕಸಕ್ಕೆ ಹಣ ಒಪ್ಪಿಸುತ್ತಿತ್ತು.

ಇವೆಲ್ಲಕ್ಕಿಂತ ಹೆಚ್ಚಿನದು ಇನ್ನೊಂದಿದೆ. ಸೈನ್ಯ ದೇಹವನ್ನು ಬಗ್ಗಿಸಬಲ್ಲದು, ತೆರಿಗೆಯವನು ಚೀಲವನ್ನು ಬರಿದು ಮಾಡಬಲ್ಲ. ಯಾರೂ ನೋಡದಿರುವಾಗಲೂ ಅರಸನಿಗೆ ವಿಧೇಯನಾಗಿರಬೇಕೆಂದು ಪ್ರಜೆಗೆ ಹೇಳಬಲ್ಲದ್ದು ಅಂತಃಸಾಕ್ಷಿ ಮಾತ್ರ. ಆ ಅಂತಃಸಾಕ್ಷಿಗೆ ಉಪದೇಶ ಮಾಡುವವರು ಗುರುಗಳು. ರೀಮ್ಸ್‌ನಲ್ಲಿ ಪವಿತ್ರ ತೈಲದಿಂದ ಅಭಿಷಿಕ್ತನಾದ ಅರಸನ ವಿರುದ್ಧ ದಂಗೆಯೇಳುವುದು ಅಪರಾಧ ಮಾತ್ರವಾಗಿರದೆ ಪಾಪವೂ ಆಗುತ್ತಿತ್ತು. ಒಬ್ಬ ಅರಸ, ಒಂದು ವಿಶ್ವಾಸ, ಒಂದು ಶಾಸನ ಎಂಬ ನಾಣ್ಣುಡಿ ಹುಟ್ಟಿದ್ದು ಇಲ್ಲಿಂದ. ಪ್ರಜೆಗಳಲ್ಲಿ ಒಂದು ಭಾಗ ಬೇರೆ ಪೀಠದಿಂದ ಉಪದೇಶ ಕೇಳುವುದಾದರೆ, ಅರಸನ ಕೈಗೆ ಎಟುಕದ ಅಂತಃಸಾಕ್ಷಿಯೊಂದು ರಾಜ್ಯದೊಳಗೆ ಉಳಿದುಕೊಂಡಿತೆಂದೇ ಅರ್ಥ. ಧಾರ್ಮಿಕ ಏಕತೆಯನ್ನು ಅರಸರು ಬಯಸಿದ್ದಕ್ಕೆ ಭಕ್ತಿಯೂ ಕಾರಣವಾಗಿದ್ದಿರಬಹುದು. ಆದರೆ ಭಕ್ತಿಯಿಲ್ಲದ ಅರಸನಿಗೂ ಅದು ಬೇಕಾಗುತ್ತಿತ್ತು ಎಂಬುದನ್ನು ಗಮನಿಸಬೇಕು.

ಗ್ರಂಥದ ವಾದ

ಬೊಸ್ಸುಯೆಯವರನ್ನು ಆಸ್ಥಾನದ ಹೊಗಳುಭಟ್ಟರೆಂದು ಬದಿಗೊತ್ತುವುದು ಅನ್ಯಾಯ. ಬಡವರು ಧರ್ಮಸಭೆಯಲ್ಲಿ ಮೊದಲಿಗರೆಂದು 1659ರಲ್ಲಿಯೇ ಸಾರಿದ ಪ್ರಬೋಧಕರು ಅವರು. ಈ ಗ್ರಂಥದ ಮೂರನೆಯ ಭಾಗದಲ್ಲಿ ರಾಜಾಧಿಕಾರದ ನಾಲ್ಕು ಲಕ್ಷಣಗಳನ್ನು ಹೇಳುತ್ತಾರೆ: ಅದು ಪವಿತ್ರ, ಪಿತೃಸದೃಶ, ನಿರಂಕುಶ, ಮತ್ತು ವಿವೇಕಕ್ಕೆ ಅಧೀನ. ನಿರಂಕುಶವಾದುದೆಲ್ಲ ಸ್ವೇಚ್ಛಾಚಾರವಲ್ಲವೆಂದು ಎಂಟನೆಯ ಭಾಗದಲ್ಲಿ ವಿಂಗಡಿಸಿ ತೋರಿಸುತ್ತಾರೆ. ಅರಸ ದೇವರ ಮುಂದೆ ಲೆಕ್ಕ ಒಪ್ಪಿಸಬೇಕೆಂದು ಮತ್ತೆ ಮತ್ತೆ ಎಚ್ಚರಿಸುತ್ತಾರೆ. ದೇವರ ಆಜ್ಞೆಗೆ ವಿರುದ್ಧವಾದುದನ್ನು ಅರಸ ವಿಧಿಸಿದರೆ ಪಾಲಿಸಬಾರದೆಂದೂ ಒಪ್ಪುತ್ತಾರೆ.

ಇಷ್ಟಿದ್ದರೂ ಗ್ರಂಥದ ನಡುವೆ ಒಂದು ಬಿರುಕಿದೆ. ಅದು ಕಾಣಿಸುವುದು 1 ಸಮುವೇಲ 8ನೆಯ ಅಧ್ಯಾಯದ ವ್ಯಾಖ್ಯಾನದಲ್ಲಿ. ಇಸ್ರಯೇಲರು ತಮಗೂ ಒಬ್ಬ ಅರಸ ಬೇಕೆಂದು ಹಟ ಹಿಡಿದಾಗ ಪ್ರವಾದಿ ಸಮುವೇಲ, ಆ ಅರಸ ನಿಮ್ಮ ಗಂಡುಮಕ್ಕಳನ್ನು ರಥಕ್ಕೆ ಕಟ್ಟುವನು, ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಒಯ್ಯುವನು, ಹೊಲಗಳನ್ನು ಕಿತ್ತುಕೊಳ್ಳುವನು ಎಂದು ಎಚ್ಚರಿಸುತ್ತಾನೆ. ಬೊಸ್ಸುಯೆಯವರು ಈ ಎಚ್ಚರಿಕೆಯ ಕಾಠಿಣ್ಯವನ್ನು ಮುಚ್ಚಿಡುವುದಿಲ್ಲ. ಅರಸನಿಗೆ ಇದನ್ನೆಲ್ಲ ಮಾಡುವ ನೈತಿಕ ಅಧಿಕಾರವಿಲ್ಲವೆಂದೇ ಹೇಳುತ್ತಾರೆ. ಆದರೆ ಕೂಡಲೇ, ಮಾನವ ನ್ಯಾಯದ ಮಟ್ಟಿಗೆ ಅವನು ಇದನ್ನು ಶಿಕ್ಷೆಯ ಭಯವಿಲ್ಲದೆ ಮಾಡಬಲ್ಲನೆಂದೂ, ಅವನನ್ನು ತಡೆಯುವ ಬಲ ಭೂಮಿಯ ಮೇಲೆ ಯಾರಿಗೂ ಇಲ್ಲವೆಂದೂ ತೀರ್ಮಾನಿಸುತ್ತಾರೆ. ಪ್ರವಾದಿ ಜನರ ಮುಂದೆ ಇಟ್ಟ ಎಚ್ಚರಿಕೆ, ಧರ್ಮಾಧ್ಯಕ್ಷರ ಕೈಯಲ್ಲಿ ಅರಸನಿಗೆ ಕೊಟ್ಟ ಅಭಯವಾಗಿ ಮಾರ್ಪಡುತ್ತದೆ. ಆರನೆಯ ಭಾಗದಲ್ಲಿ ಪ್ರಜೆಗಳಿಗೆ ಉಳಿಯುವುದು ಎರಡೇ: ಗೌರವಪೂರ್ವಕ ಬಿನ್ನಹ, ಮತ್ತು ಅರಸನ ಮನಃಪರಿವರ್ತನೆಗಾಗಿ ಪ್ರಾರ್ಥನೆ.

ಏಳನೆಯ ಭಾಗದಲ್ಲಿ ಧಾರ್ಮಿಕ ಏಕತೆಯ ವಿಷಯ ನೇರವಾಗಿ ಬರುತ್ತದೆ. ತನ್ನ ರಾಜ್ಯದಲ್ಲಿನ ಸುಳ್ಳು ಧರ್ಮಗಳನ್ನು ನಾಶಪಡಿಸಲು ಅರಸ ತನ್ನ ಅಧಿಕಾರವನ್ನು ಬಳಸಬೇಕು. ಸೌಮ್ಯ ಮಾರ್ಗವೇ ಶ್ರೇಷ್ಠ, ಆದರೂ ಕಠಿಣ ಮಾರ್ಗ ನಿಷಿದ್ಧವಲ್ಲ ಎಂಬುದು ಅಲ್ಲಿನ ಬೋಧನೆ. ಇದಕ್ಕೆ ಆಧಾರ ಇಸ್ರಯೇಲಿನ ಮತ್ತು ಯೂದಾಯದ ಧರ್ಮನಿಷ್ಠ ಅರಸರು.

ಇಲ್ಲಿ ನಾವು ಎತ್ತಬೇಕಾದ ಆಕ್ಷೇಪ ದೈವಶಾಸ್ತ್ರದ್ದೇ. ದಾವೀದನ ಸಿಂಹಾಸನ ಯಾರಲ್ಲಿ ನೆರವೇರಿತು? ವಿಶ್ವಾಸದ ಪ್ರಕಾರ, ಮುಳ್ಳಿನ ಕಿರೀಟ ಧರಿಸಿದ ಕ್ರಿಸ್ತರಲ್ಲಿ. ತಮ್ಮ ರಾಜ್ಯ ಈ ಲೋಕದ್ದಲ್ಲವೆಂದು ಪಿಲಾತನ ಮುಂದೆ ಹೇಳಿದವರು ಅವರೇ. ಅನ್ಯರ ಅರಸರು ದೊರೆತನ ನಡೆಸುವಂತೆ ನಿಮ್ಮಲ್ಲಿ ಆಗಬಾರದೆಂದು ಕಡೆಯ ಭೋಜನದ ಮೇಜಿನಲ್ಲಿ ಶಿಷ್ಯರಿಗೆ ತಿಳಿಸಿದವರೂ ಅವರೇ. ಹಳೆಯ ಒಡಂಬಡಿಕೆಯ ಅರಸತನವನ್ನು ಕ್ರಿಸ್ತರ ಮೂಲಕ ಹಾಯಿಸದೆ ನೇರವಾಗಿ ವರ್ಸಾಯ್ ಅರಮನೆಗೆ ಕೊಂಡೊಯ್ಯುವ ವ್ಯಾಖ್ಯಾನ, ವಚನಗಳ ಸಂಖ್ಯೆಯಲ್ಲಿ ಎಷ್ಟೇ ಶ್ರೀಮಂತವಾಗಿದ್ದರೂ, ಶಿಲುಬೆಯನ್ನು ಬಳಸಿ ಬೇರೆ ದಾರಿಯಲ್ಲಿ ಹೋದ ವ್ಯಾಖ್ಯಾನವೇ.

1685: ವಾದ ಶಾಸನವಾದಾಗ

ಈ ಬೋಧನೆ ತರಗತಿಯಲ್ಲೇ ಉಳಿಯಲಿಲ್ಲ. ನಾಲ್ಕನೆಯ ಹೆನ್ರಿ 1598ರಲ್ಲಿ ಹೊರಡಿಸಿದ ನಾಂಟ್ ಶಾಸನ, ಹ್ಯೂಗೆನಾಟರೆಂದು ಕರೆಯಲಾಗುತ್ತಿದ್ದ ಪ್ರೊಟೆಸ್ಟೆಂಟರಿಗೆ ಮಿತವಾದ ಆರಾಧನಾ ಸ್ವಾತಂತ್ರ್ಯ ಕೊಟ್ಟಿತ್ತು. ಅವರ ಸೈನಿಕ ಬಲ 1628ರಲ್ಲಿ ಲಾ ರೊಶೆಲ್ ಕೋಟೆ ಬಿದ್ದಾಗಲೇ ಮುರಿದಿತ್ತು. ಅನಂತರ ಅವರು ನಿಷ್ಠಾವಂತ ಪ್ರಜೆಗಳಾಗಿಯೇ ಇದ್ದರು. ಆದರೂ 1681ರಲ್ಲಿ ಪ್ವಾತು ಪ್ರಾಂತ್ಯದಲ್ಲಿ ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಮಾಡಿಸಲಾಯಿತು. ವಿಶ್ವಾಸ ಬದಲಿಸಿದವನಿಗೆ ಸೈನಿಕರ ಕಾಟದಿಂದ ಬಿಡುಗಡೆ. 1685ರ ಅಕ್ಟೋಬರಿನಲ್ಲಿ ಫೊಂಟೆನ್‌ಬ್ಲೋ ಶಾಸನ ಹೊರಟಿತು. ಹ್ಯೂಗೆನಾಟರಲ್ಲಿ ಬಹುಪಾಲು ಜನ ಕಥೋಲಿಕರಾಗಿರುವುದರಿಂದ ಹಳೆಯ ಶಾಸನ ಇನ್ನು ಅನಗತ್ಯವೆಂದು ಅದರ ಪೀಠಿಕೆ ಸಾರಿತು. ಆರಾಧನಾಲಯಗಳನ್ನು ಕೆಡವಬೇಕು, ಮತಾಂತರವಾಗದ ಬೋಧಕರು 15 ದಿನಗಳಲ್ಲಿ ದೇಶ ಬಿಡಬೇಕು, ಮಕ್ಕಳಿಗೆ ಧರ್ಮಕೇಂದ್ರದ ಗುರುಗಳೇ ದೀಕ್ಷಾಸ್ನಾನ ಕೊಡಬೇಕು, ಸಾಮಾನ್ಯ ಜನರು ದೇಶ ಬಿಡುವಂತಿಲ್ಲ ಎಂದು ವಿಧಿಸಿತು. ಆದರೂ ಸುಮಾರು 2 ಲಕ್ಷ ಜನರು ಗಡಿ ದಾಟಿದರೆಂದು ಇತಿಹಾಸಕಾರರ ಅಂದಾಜು.

ಶಸ್ತ್ರ ಕೆಳಗಿಟ್ಟು ಅರ್ಧ ಶತಮಾನ ದಾಟಿದ ಪ್ರಜೆಗಳ ಮೇಲೆ ಈ ದಂಡಯಾತ್ರೆ ಏಕೆ? ಅರಸನ ಅಂದಿನ ಪರಿಸ್ಥಿತಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಧರ್ಮಾಧ್ಯಕ್ಷರಿಲ್ಲದ ಪೀಠಗಳ ಆದಾಯವನ್ನು ಅರಸನೇ ಪಡೆಯುವ ಹಕ್ಕನ್ನು ಲೂಯಿ 1673ರಲ್ಲಿ ಎಲ್ಲ ಧರ್ಮಪ್ರಾಂತ್ಯಗಳಿಗೂ ವಿಸ್ತರಿಸಿದ್ದ. ಜಗದ್ಗುರು ಹನ್ನೊಂದನೆಯ ಇನ್ನೊಸೆಂಟ್ ಅದನ್ನು ಪ್ರತಿಭಟಿಸಿದ್ದರು. ಫ್ರಾನ್ಸಿನ ಧರ್ಮಾಧ್ಯಕ್ಷರಲ್ಲಿ ಅರಸನನ್ನು ಎದುರಿಸಿ ನಿಂತವರು ಇಬ್ಬರೇ, ಆಲೆ ಮತ್ತು ಪಾಮಿಯೆ ಧರ್ಮಪ್ರಾಂತ್ಯಗಳವರು. 1682ರಲ್ಲಿ ಗುರುವರ್ಗದ ಸಭೆ ಜಗದ್ಗುರುವಿನ ಅಧಿಕಾರವನ್ನು ಮಿತಿಗೊಳಿಸುವ ನಾಲ್ಕು ನಿರ್ಣಯಗಳನ್ನು ಅಂಗೀಕರಿಸಿತು. ಅವುಗಳ ಕರಡನ್ನು ಸಿದ್ಧಪಡಿಸಿದವರು ಬೊಸ್ಸುಯೆಯವರೇ. ಮರುವರ್ಷ ವಿಯೆನ್ನಾ ನಗರ ಮುತ್ತಿಗೆಗೆ ಒಳಗಾದಾಗ ಲೂಯಿ ನೆರವಿಗೆ ಹೋಗಲಿಲ್ಲ. ಜಗದ್ಗುರುವಿನೊಡನೆ ಜಗಳವಾಡುತ್ತ ‘ಅತ್ಯಂತ ಕ್ರೈಸ್ತ ಅರಸ’ ಎಂಬ ಬಿರುದನ್ನು ಉಳಿಸಿಕೊಳ್ಳಲು ಅವನಿಗೆ ಒಂದು ಮಹಾಕಾರ್ಯ ಬೇಕಿತ್ತು. ಕಥೋಲಿಕ ಏಕತೆಯನ್ನು ಸ್ಥಾಪಿಸಿದ ಅರಸ ಆ ಏಕತೆಯ ಗೋಚರ ಕೇಂದ್ರವಾದ ಜಗದ್ಗುರುವಿನೊಡನೆಯೇ ಒಂದಾಗಿರಲಿಲ್ಲ ಎಂಬುದು ಈ ಇತಿಹಾಸದ ತಿರುಳು. 1686ರಲ್ಲಿ ರೋಮಿನಲ್ಲಿ ಕೃತಜ್ಞತಾ ಸ್ತುತಿ ನಡೆಯಿತೆಂಬುದನ್ನು ನಾವು ಮರೆಮಾಡಬಾರದು. ಆದರೆ ಅದರಿಂದ ವಿವಾದ ತೀರಲಿಲ್ಲ. 1682ರ ಸಭೆಯಲ್ಲಿ ಭಾಗವಹಿಸಿದವರಿಗೆ ಜಗದ್ಗುರು ಪೀಠವನ್ನು ಅನುಮೋದಿಸದೆ ಹೋದುದರಿಂದ ಮೂವತ್ತಕ್ಕೂ ಹೆಚ್ಚು ಧರ್ಮಪ್ರಾಂತ್ಯಗಳು ಧರ್ಮಾಧ್ಯಕ್ಷರಿಲ್ಲದೆ ಉಳಿದವು.

ಶಾಸನಕ್ಕೆ ಮುದ್ರೆಯೊತ್ತಿದ ಮಂತ್ರಿ ಲ ತೆಲ್ಲಿಯೆಯ ಶ್ರದ್ಧಾಂಜಲಿ ಭಾಷಣವನ್ನು 1686ರ ಜನವರಿಯಲ್ಲಿ ಮಾಡಿದ ಬೊಸ್ಸುಯೆಯವರು, ಲೂಯಿಯನ್ನು ಕಾನ್‌ಸ್ಟಂಟೈನ್, ಥಿಯೊಡೋಸಿಯಸ್, ಮಾರ್ಸಿಯನ್ ಮತ್ತು ಶಾರ್ಲಮೇನ್ ಚಕ್ರವರ್ತಿಗಳಿಗೆ ಹೋಲಿಸಿದರು. ಆ ಹೋಲಿಕೆಯಲ್ಲಿ ನೆನಪಾದವನು ಪಾಷಂಡಿಗಳನ್ನು ಅಡಗಿಸಿದ ಥಿಯೊಡೋಸಿಯಸ್. 390ರಲ್ಲಿ ಥೆಸಲೊನಿಕದ ಕಗ್ಗೊಲೆಯ ನಂತರ, ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರ ಮಾತಿಗೆ ತಲೆಬಾಗಿ ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಿಕೊಂಡವನೂ ಅದೇ ಥಿಯೊಡೋಸಿಯಸ್. ಅರಸ ಹೊಸ ಥಿಯೊಡೋಸಿಯಸ್ ಆದನೆಂದರೆ, ಹೊಸ ಅಂಬ್ರೋಸ್ ಯಾರು ಎಂಬ ಪ್ರಶ್ನೆ ಆ ದೇವಾಲಯದಲ್ಲಿ ಯಾರ ಮನಸ್ಸಿನಲ್ಲಾದರೂ ಮೂಡಿದ್ದಿರಬೇಕು.

ಅಗಸ್ಟೀನರ ಸಾಕ್ಷ್ಯ

ಬಲವಂತದ ಸಮರ್ಥನೆಗೆ ಅಂದು ಸಿಕ್ಕ ದೊಡ್ಡ ಆಸರೆ ಸಂತ ಅಗಸ್ಟೀನರು. ವಿಶ್ವಾಸವನ್ನು ಬಲದಿಂದ ಹೇರಬಾರದೆಂದು ಮೊದಲು ನಂಬಿದ್ದ ಅವರು, ಆಫ್ರಿಕದ ಡೊನಾಟಿಸ್ಟರ ವಿವಾದದಲ್ಲಿ ಅಭಿಪ್ರಾಯ ಬದಲಿಸಿದರು. ಲೂಕನ ಶುಭಸಂದೇಶದ ಔತಣದ ಸಾಮತಿಯಲ್ಲಿ ಯಜಮಾನ ಜನರನ್ನು ಒತ್ತಾಯಿಸಿ ಒಳತರಲು ಹೇಳಿದ್ದನ್ನು ಆಧಾರವಾಗಿ ಹಿಡಿದರು. ಆ ವಿಷಯದ ಅವರ ಎರಡು ಪತ್ರಗಳನ್ನು 1685ರಲ್ಲಿ ಪ್ಯಾರಿಸಿನಲ್ಲಿ ಪ್ರತ್ಯೇಕವಾಗಿ ಮುದ್ರಿಸಿ ಹಂಚಲಾಯಿತು. ದೇಶಭ್ರಷ್ಟನಾಗಿದ್ದ ಪಿಯೆರ್ ಬೇಲ್ ಮರುವರ್ಷ ಅದೇ ವಚನದ ಮೇಲೆ ಗ್ರಂಥ ಬರೆದು ಉತ್ತರಿಸಿದ. ಅಗಸ್ಟೀನರ ಈ ವಾದವನ್ನು ನಾವು ಸಮರ್ಥಿಸಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಅವರು ಪಾಷಂಡಿಗಳ ಪ್ರಾಣ ಉಳಿಸಬೇಕೆಂದು ಅಧಿಕಾರಿಗಳಲ್ಲಿ ಬೇಡಿದವರು; ಯಾವ ಲೌಕಿಕ ರಾಜ್ಯವನ್ನೂ ದೇವರ ನಗರದೊಡನೆ ಸಮೀಕರಿಸಬಾರದೆಂದು ಕಲಿಸಿದವರು. 1685ರ ಪಂಡಿತರು ಪತ್ರಗಳನ್ನು ಆಯ್ದುಕೊಂಡರು, ಆ ಎಚ್ಚರವನ್ನು ಬಿಟ್ಟರು.

ಧರ್ಮಾಧ್ಯಕ್ಷರು ಆಡದ ಮಾತನ್ನು ಒಬ್ಬ ಸೈನಿಕ ಆಡಿದ. ಲೂಯಿಯ ಕೋಟೆಗಳನ್ನು ಕಟ್ಟಿದ ವೊಬಾನ್, ಹ್ಯೂಗೆನಾಟರನ್ನು ವಾಪಸು ಕರೆಸಬೇಕೆಂದು 1689ರಲ್ಲಿ ಬಿನ್ನಹ ಬರೆದ. ಅರಸರಿಗೆ ಪ್ರಜೆಗಳ ಪ್ರಾಣದ ಮೇಲೆ, ಆಸ್ತಿಯ ಮೇಲೆ ಒಡೆತನವಿರಬಹುದು, ಒಳಗಿನ ಅಭಿಪ್ರಾಯದ ಮೇಲೆ ಇಲ್ಲ ಎಂಬುದು ಅವನ ವಾದದ ಸಾರ. ನಂಬದವನ ನಾಲಿಗೆಯ ಮೇಲೆ ಪರಮಪ್ರಸಾದವನ್ನು ಬಲವಂತವಾಗಿ ಇಡುವುದು ಸಂಸ್ಕಾರಕ್ಕೆ ಮಾಡುವ ಅಪಚಾರ ಎಂಬುದನ್ನು ತಿಳಿಯಲು ದೈವಶಾಸ್ತ್ರದ ಪದವಿ ಬೇಕಾಗಿರಲಿಲ್ಲ.

ಲಾಭ ಯಾರಿಗೆ?

ಅರಸನಿಗಾದರೂ ಬಯಸಿದ ಏಕತೆ ದೊರಕಿತೇ? 1702ರಲ್ಲಿ ಸೆವೆನ್ ಬೆಟ್ಟಗಳಲ್ಲಿ ಹ್ಯೂಗೆನಾಟ್ ರೈತರು ಬಂಡೆದ್ದರು. ಕಾಡುಮೇಡುಗಳಲ್ಲಿ ಗುಟ್ಟಾಗಿ ನಡೆದ ಅವರ ವಿವಾಹಗಳು ಧರ್ಮಕೇಂದ್ರದ ಪುಸ್ತಕದಲ್ಲಿ ದಾಖಲಾಗದ ಕಾರಣ ಮಕ್ಕಳು ಕಾನೂನಿನ ಕಣ್ಣಿನಲ್ಲಿ ಅಕ್ರಮ ಸಂತಾನರಾದರು. ಈ ಸ್ಥಿತಿ 1787ರ ಶಾಸನದವರೆಗೆ ಮುಂದುವರಿಯಿತು. ದೇವರ ಮಕ್ಕಳಾದವರ ಹೆಸರನ್ನು ಬರೆದಿಡುವ ಪುಸ್ತಕ ನೂರು ವರ್ಷಗಳ ಕಾಲ ಜನರನ್ನು ಹೊರಗಿಡುವ ಪುಸ್ತಕವಾಯಿತು. ಅದನ್ನು ಕೈಯಲ್ಲಿ ಹಿಡಿದಿದ್ದವರು ನಮ್ಮಂತಹ ಗುರುಗಳು.

ಧರ್ಮಸಭೆಗಾದ ನಷ್ಟ ಇನ್ನೂ ಆಳವಾದುದು. ಅರಸ ನೇಮಿಸಿದ ಧರ್ಮಾಧ್ಯಕ್ಷರು ಅರಸನಿಗೆ ‘ಬೇಡ’ ಎನ್ನುವ ಶಕ್ತಿಯನ್ನು ಕಳೆದುಕೊಂಡರು. 1790ರಲ್ಲಿ ಕ್ರಾಂತಿಯ ಸರ್ಕಾರ ಗುರುವರ್ಗವನ್ನು ರಾಜ್ಯದ ಒಂದು ಇಲಾಖೆಯಾಗಿ ಮಾಡಲು ಹೊರಟಾಗ, ಆ ಮನೆಯ ಬಾಗಿಲನ್ನು ಅರಸರೇ ತೆರೆದಿಟ್ಟು ಹೋಗಿದ್ದರು.

ಪವಿತ್ರ ಗ್ರಂಥದಲ್ಲಿ ಇದಕ್ಕೊಂದು ಪೂರ್ವಕಥೆ ಇದೆ. 1 ಅರಸುಗಳು 12ನೆಯ ಅಧ್ಯಾಯದಲ್ಲಿ ಯಾರೊಬ್ಬಾಮನು, ಜನರು ಆರಾಧನೆಗೆಂದು ಜೆರುಸಲೇಮಿಗೆ ಹೋದರೆ ಅವರ ಮನಸ್ಸು ತನ್ನಿಂದ ದೂರವಾಗುವುದೆಂದು ಅಂಜಿ, ಬೇತೇಲಿನಲ್ಲೂ ದಾನಿನಲ್ಲೂ ಚಿನ್ನದ ಕರುಗಳನ್ನು ನಿಲ್ಲಿಸುತ್ತಾನೆ. ಅವನನ್ನು ಕಾಡಿದ್ದು ಸಿಂಹಾಸನದ ಚಿಂತೆ. ಆರಾಧನೆ ಆ ಚಿಂತೆಗೆ ಕಂಡುಕೊಂಡ ಪರಿಹಾರ. ತಲೆಮಾರುಗಳ ನಂತರ ಪ್ರವಾದಿ ಆಮೋಸ ಬೇತೇಲಿಗೆ ಬಂದಾಗ, ಇದು ಅರಸನ ಪವಿತ್ರಾಲಯ, ಇಲ್ಲಿ ಪ್ರವಾದನೆ ಸಲ್ಲದು ಎಂದು ಯಾಜಕ ಅಮಚ್ಯನೇ ಅವನನ್ನು ಓಡಿಸುತ್ತಾನೆ. ಅರಸ ಬಾಯಿ ತೆರೆಯುವ ಅಗತ್ಯವೇ ಬರಲಿಲ್ಲ. ದೇವಾಲಯ ಅರಸನದಾದ ಮೇಲೆ ಪ್ರವಾದಿಯನ್ನು ಹೊರದೂಡುವ ಕೆಲಸವನ್ನು ಯಾಜಕನೇ ವಹಿಸಿಕೊಳ್ಳುತ್ತಾನೆ. ಬೊಸ್ಸುಯೆಯವರ ಗ್ರಂಥದ ದುರಂತ ಇದೇ: ನಾತಾನನ ಪಾಂಡಿತ್ಯವಿದ್ದ ಒಬ್ಬ ಮಹಾನುಭಾವರು ಅಮಚ್ಯನ ಸ್ಥಾನದಲ್ಲಿ ನಿಂತು ಬರೆದರು.

ನಮ್ಮ ಕರಾವಳಿಯ ಒಂದು ಉದಾಹರಣೆ

ಅರಸನಿಲ್ಲದೆ ಧರ್ಮಸಭೆ ಬಾಳಬಲ್ಲದೇ ಎಂಬ ಸಂದೇಹಕ್ಕೆ ಅದೇ ಕಾಲದ ಉತ್ತರವೊಂದು ನಮ್ಮ ಕರಾವಳಿಯಲ್ಲಿದೆ. ಪ್ವಾತು ಪ್ರಾಂತ್ಯದ ಮನೆಗಳಿಗೆ ಸೈನಿಕರು ಹೊಕ್ಕ 1681ರಲ್ಲಿಯೇ ಗೋವಾದಿಂದ ಸಂತ ಜೋಸೆಫ್ ವಾಸ್ ಕೆನರಾಕ್ಕೆ ಬಂದರು. ಕರಾವಳಿ ಅಂದು ಕೆಳದಿ ಅರಸರ ಅಧೀನ, ಸಿಂಹಾಸನದಲ್ಲಿದ್ದವಳು ಚೆನ್ನಮ್ಮಾಜಿ. ವಾಸರು ಕಂಡ ಸಮುದಾಯ ಒಳಗೇ ಒಡೆದಿತ್ತು. ರೋಮ್ ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದ ಕಾಸ್ತ್ರೊ ಅವರನ್ನು, ಪೋರ್ಚುಗೀಸ್ ಅರಸನ ಪದ್ರೊವಾದೊ ಹಕ್ಕಿನ ಹೆಸರಿನಲ್ಲಿ ಗೋವಾದ ಅಧಿಕಾರವರ್ಗ ಒಪ್ಪಿರಲಿಲ್ಲ. ಪೀಡಿಸುವ ಅನ್ಯಧರ್ಮೀಯ ಅರಸ ಅಲ್ಲಿರಲಿಲ್ಲ. ಸಮುದಾಯವನ್ನು ಒಡೆದದ್ದು ದೂರದ ಕಥೋಲಿಕ ಅರಸನ ಹಕ್ಕು. ವಾಸರು ಮೂರು ವರ್ಷ ಸಂಧಾನಕ್ಕೂ ಜನರ ಆಧ್ಯಾತ್ಮಿಕ ಆರೈಕೆಗೂ ದುಡಿದರು.

1687ರಲ್ಲಿ ಅವರು ವೇಷ ಮರೆಸಿಕೊಂಡು ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ತಮ್ಮ ಸುಧಾರಿತ ಧರ್ಮವನ್ನು ಆಳ್ವಿಕೆಗೆ ಆಧಾರವಾಗಿಸಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಅರಸನ ತರ್ಕ ಯಾವ ಧರ್ಮದ ಕೈಗೆ ಸಿಕ್ಕರೂ ಅದೇ ಫಲ. 1692ರಲ್ಲಿ ಬೌದ್ಧ ಅರಸನ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯ ಮೇಲೆ ಅವರನ್ನು ಸೆರೆಯಲ್ಲಿಟ್ಟರು. ಒಂದೂವರೆ ಶತಮಾನ ಕಾಲ ಶಿಲುಬೆಯೂ ಅರಸನ ಧ್ವಜವೂ ಒಟ್ಟಿಗೆ ಹಡಗಿನಿಂದ ಇಳಿದದ್ದನ್ನು ಕಂಡವರಿಗೆ ಆ ಶಂಕೆ ಬಂದದ್ದು ಅಸಹಜವಲ್ಲ. ಕ್ರಮೇಣ ಆ ಅರಸನೇ ಅವರಿಗೆ ಸ್ವಾತಂತ್ರ್ಯ ಕೊಟ್ಟ. ಸೈನಿಕರ ನೆರವಿಲ್ಲದೆ, ಶಾಸನದ ಬೆಂಬಲವಿಲ್ಲದೆ ಕಟ್ಟಿದ ಆ ಧರ್ಮಸಭೆ ಇಂದಿಗೂ ಇದೆ.

ಕೊನೆಯದಾಗಿ

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು ಹೊರಡಿಸಿತು. ವಿಶ್ವಾಸದ ಕ್ರಿಯೆ ಸ್ವಭಾವತಃ ಸ್ವತಂತ್ರವಾದುದೆಂದು ಕಲಿಸಿದ ಆ ಘೋಷಣೆ, ಶುಭಸಂದೇಶಕ್ಕೆ ಒಪ್ಪದ ನಡವಳಿಕೆ ದೇವಪ್ರಜೆಯ ಇತಿಹಾಸದಲ್ಲಿ ಕಂಡುಬಂದಿತ್ತೆಂದೂ ಒಪ್ಪಿಕೊಂಡಿತು. ಆ ಒಪ್ಪಿಗೆಯ ಹಿಂದೆ 1685ರ ಮನೆಗಳೂ ಇವೆ.

ನಾವಿಂದು ಸಂವಿಧಾನದ 25ನೆಯ ವಿಧಿಯನ್ನು ಮುಂದಿಟ್ಟು ಅಂತಃಸಾಕ್ಷಿಯ ಸ್ವಾತಂತ್ರ್ಯ ಕೇಳುತ್ತೇವೆ. ಕೇಳಬೇಕಾದದ್ದೇ. ಆದರೆ ಅರಸ ನಮ್ಮವನಾಗಿದ್ದಾಗ ಆ ಸ್ವಾತಂತ್ರ್ಯವನ್ನು ಇತರರಿಗೆ ನಿರಾಕರಿಸಿದ್ದೆವೆಂದು ಒಪ್ಪದೆ ಕೇಳಿದರೆ, ನಮ್ಮ ಬೇಡಿಕೆ ತತ್ತ್ವವಾಗಿ ಉಳಿಯದೆ ಅಲ್ಪಸಂಖ್ಯಾತರ ಜಾಣತನವಾಗಿಬಿಡುತ್ತದೆ. ಅರಸರ ಕಾಲ ಮುಗಿದಿದ್ದರೂ ಗುರುಗಳ ಮನೆಬಾಗಿಲಿಗೆ ಅಧಿಕಾರ ಬರುವುದು ನಿಂತಿಲ್ಲ. ಶಾಲೆಗೊಂದು ಅನುಮತಿ, ದೇವಾಲಯಕ್ಕೊಂದು ಅನುದಾನ, ಹಬ್ಬದ ವೇದಿಕೆಯಲ್ಲೊಂದು ಆಸನ ಹಿಡಿದು ಬರುತ್ತದೆ. ನಿಮ್ಮ ಜನ ಒಗ್ಗಟ್ಟಾಗಿರಲಿ ಎಂದು ಹಾರೈಸುತ್ತದೆ. ಆ ಒಗ್ಗಟ್ಟು ಯಾರಿಗೆ ಬೇಕಾಗಿದೆ ಎಂದು ಕೇಳಿಕೊಳ್ಳುವ ಅಭ್ಯಾಸ ಗುರುವಿದ್ಯಾಮಂದಿರದಲ್ಲೇ ಆಗಬೇಕು. ಕ್ರಿಸ್ತರು ಬೇಡಿದ ಏಕತೆ ತಂದೆಗೆ ಮಾಡಿದ ಪ್ರಾರ್ಥನೆಯಲ್ಲಿದೆ. ಅದನ್ನು ಯಾವ ಅರಸನಿಂದಲೂ ಅವರು ಬೇಡಲಿಲ್ಲ. ನಮ್ಮ ಬಲಿಪೀಠದ ಬಳಿ ಆಮೋಸನೊಬ್ಬ ಬಂದು ನಿಂತರೆ ಅವನಿಗೆ ಮಾತನಾಡಲು ಎಡೆಯಿದೆಯೇ? ಪಾಠದ ಕೊನೆಗೆ ನಾನು ವಿದ್ಯಾರ್ಥಿಗಳಿಗೆ ಮರಳಿಸುವ ಪ್ರಶ್ನೆ ಇದು.